ಗುರಿಯಿಲ್ಲದೆ ಪ್ರಯೋಗ ಮಾಡತಕ್ಕದ್ದಲ್ಲ

ನಮ್ಮ ಬೀದಿಯ ನಾಣಿ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವನಿಗಿರುವುದು ಒಂದೇ ಕಾಯಿಲೆ, ಕನ್ನಡ. ಕನ್ನಡ ನಮಗೂ ಇದೆ. ಆದರೆ ನಾವು ಅದನ್ನು ಮಾತಾಡಿ ಸುಮ್ಮನಾಗುತ್ತೇವೆ. ನಾಣಿ ಹಾಗಲ್ಲ. ಅವನು ಬಸ್ ಸ್ಟ್ಯಾಂಡಿಗೆ ಹೋಗುವುದಿಲ್ಲ, ನಿಲ್ದಾಣಕ್ಕೆ ದಯಮಾಡಿಸುತ್ತಾನೆ. ಬೇಲೂರು ಪೇಟೆಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೆ ಬಂದು, “ಒಂದು ನೆರಳಚ್ಚು ತೆಗೆದುಕೊಡು” ಎನ್ನುತ್ತಾನೆ. ಒಮ್ಮೆ ಅದನ್ನು ಕೇಳಿಸಿಕೊಂಡ ಹಳ್ಳಿಯ ಹೆಂಗಸೊಬ್ಬಳು, ತನ್ನ ನೆರಳನ್ನೂ ತೆಗೆದುಬಿಟ್ಟಾರು ಎಂದು ಬಿಸಿಲಿನಿಂದ ಒಳಗೆ ಸರಿದು ನಿಂತಿದ್ದಳು.

ನಾಣಿಗೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ ಕೆಲಸ. ಅವರದು ಪೌರೋಹಿತ್ಯದ ಮನೆತನ. ಮಂತ್ರಗಳು ಅವನ ತಲೆಗೆ ಹತ್ತಲಿಲ್ಲ, ಗಂಟಲಿಗೆ ಮಾತ್ರ ಹತ್ತಿದವು. ಹಾಗಾಗಿ ಅವನು ಹೊಕ್ಕುಳಿನಿಂದ ಮಾತಾಡುತ್ತಾನೆ. ಸೊಪ್ಪಿನವಳಿಗೆ ಕೊತ್ತಂಬರಿ ಇದೆಯೇ ಎಂದು ಕೇಳಿದರೂ ಸಂಕಲ್ಪ ಹೇಳಿಸಿದಂತೆ ಇರುತ್ತದೆ.

ಇಂಥ ನಾಣಿಗೆ ಮೇಧಿನಿ ಎಂಬ ಮಗಳು. ಮೊದಲ ಪಿಯುಸಿ. ಅಪ್ಪನ ಗಂಟಲೂ ಇಲ್ಲ, ಅಪ್ಪನ ಕಾಯಿಲೆಯೂ ಇಲ್ಲ. ಅವಳಿಗೆ ಬೇಕಾದದ್ದು ಕೆಮಿಸ್ಟ್ರಿ. ಅಡುಗೆಮನೆಯಲ್ಲಿ ಹಾಲು ಒಡೆದರೆ ಬೇರೆಯವರು ಅಯ್ಯೋ ಎನ್ನುತ್ತಾರೆ, ಇವಳು ಪಾತ್ರೆಯ ಮುಂದೆ ಕೂತು ನೋಡುತ್ತಾಳೆ.

ಹಳೇಬೀಡು ರಸ್ತೆಯಲ್ಲಿ ಅವಳು ಓದುವ ಕಾಲೇಜಿನ ಹೆಸರು ನಾನು ಹೇಳುವುದಿಲ್ಲ. ಅಲ್ಲಿನ ಪ್ರಿನ್ಸಿಪಾಲ್ ನಂದಕಿಶೋರ್ ನನ್ನ ಅಂಗಡಿಯ ಗಿರಾಕಿ. ಆ ಕಾಲೇಜಿಗೆ ಈ ವರ್ಷ ಅರಸೀಕೆರೆಯಿಂದ ಉಷಾರಾಣಿ ಎಂಬ ಹೊಸ ಮೇಡಂ ಬಂದರು. ಬಂದವರು ಸುಮ್ಮನೆ ಪಾಠ ಮಾಡಿಕೊಂಡು ಇರಬಾರದೆ? ಶನಿವಾರ ಮಧ್ಯಾಹ್ನ ಅಡ್ವಾನ್ಸ್ಡ್ ಕೆಮಿಸ್ಟ್ರಿ ಎಂದು ವಿಶೇಷ ಕ್ಲಾಸು ನಡೆಸುತ್ತೇನೆ, ಆಸಕ್ತಿ ಇರುವ ಮಕ್ಕಳು ಸೇರಲಿ ಎಂದರು. ನಂದಕಿಶೋರ್ ಹುಷಾರಿನ ಮನುಷ್ಯ. “ಹತ್ತು ಮಕ್ಕಳಿದ್ದರೆ ನಡೆಸಿ. ಒಂಬತ್ತಾದರೂ ಬೇಡ” ಎಂದರು. ಹದಿನೈದು ಮಕ್ಕಳು ಸೇರಿದರು. ನನ್ನ ತಂಗಿಯ ಮಗಳು ಆಶ್ರಿತಾ ನಮ್ಮ ಮನೆಯಲ್ಲಿದ್ದು ಅಲ್ಲೇ ಓದುತ್ತಾಳೆ, ಅವಳೂ ಸೇರಿದಳು. ಮೇಧಿನಿಯ ಹೆಸರು ಎಲ್ಲರಿಗಿಂತ ಮೊದಲು ಇತ್ತು. ಆ ಕ್ಲಾಸು ಇಲ್ಲಿ ತಪ್ಪಿದರೆ ಹಾಸನಕ್ಕೇ ಹೋಗಬೇಕು, ಅಷ್ಟು ದೂರ ಒಬ್ಬಳನ್ನೇ ಕಳಿಸಲು ಅವಳ ಅಮ್ಮ ಗೋದಾ ಸುತರಾಂ ಒಪ್ಪುವವಳಲ್ಲ.

ಮೇಡಂ ಒಂದು ಒಳ್ಳೆಯ ಕೆಲಸ ಮಾಡಲು ಹೋದರು. ಈ ಕ್ಲಾಸಿನ ಗುರಿ ಏನು, ಮಕ್ಕಳಿಂದ ಏನು ನಿರೀಕ್ಷೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರು. ಹಳ್ಳಿಯ ತಂದೆತಾಯಿಗಳಿಗೂ ತಿಳಿಯಲಿ ಎಂದು, “ಇದನ್ನು ಯಾರಾದರೂ ಕನ್ನಡದಲ್ಲಿ ಹೇಳ್ತೀರಾ?” ಎಂದು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ಬೇರೆ ಯಾರೂ ಫೋನು ಕೈಗೆ ತೆಗೆದುಕೊಳ್ಳುವ ಮೊದಲೇ ನಾಣಿ, “ಈ ಸೇವೆ ನನ್ನದು” ಎಂದು ಹಾಕಿಬಿಟ್ಟ.

ಭಾನುವಾರ ಬೆಳಗ್ಗೆ ಸ್ನಾನ ಮುಗಿಸಿ, ಹಣೆಗೆ ನಾಮ ಇಟ್ಟುಕೊಂಡು, ದೇವರ ಮನೆಯ ಹೊಸ್ತಿಲಲ್ಲೇ ಕೂತು ಅನುವಾದಕ್ಕೆ ತೊಡಗಿದನಂತೆ. ಈ ಭಾಗ ನನಗೆ ಹೇಳಿದ್ದು ಗೋದಾ.

“ಏನೇ, ‘ಉನ್ನತ ರಸಾಯನ ತರಗತಿ’ ಅಂದ್ರೆ ಹೇಗಿರುತ್ತೆ?”

“ರಸಾಯನಾನಾ? ಬಾಳೆಹಣ್ಣೇ ಇಲ್ಲ ಕಣ್ರೀ ಮನೇಲಿ” ಎಂದಳು ಗೋದಾ ಒಳಗಿನಿಂದ.

ನಾಣಿ ಬೆಚ್ಚಿದ. ಬಿಎ ಓದಿದ ಹೆಂಡತಿಗೇ ರಸಾಯನ ಎಂದರೆ ಬಾಳೆಹಣ್ಣು, ಬೆಲ್ಲ, ಕಾಯಿಹಾಲು ಕಣ್ಣೆದುರು ಬರುವುದಾದರೆ ಹಳ್ಳಿಯವರ ಗತಿ ಏನು? ಮಕ್ಕಳು ಬಟ್ಟಲು ಹಿಡಿದು ಕಾಲೇಜಿಗೆ ಬಂದರೆ? ಜವಾಬ್ದಾರಿಯುತ ಅನುವಾದಕನಾದ ಅವನು ಆ ಪದವನ್ನು ಒಂದು ಕಡೆಯೂ ಉಳಿಸದೆ ತೆಗೆದುಹಾಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಫೋನಿನಲ್ಲಿ ಹೀಗೆ ಹೇಳಿ ಗುಂಪಿಗೆ ಕಳಿಸಿದ:

“ಹರಿಃ ಓಂ. ಪೋಷಕ ಮಹಾಶಯರೇ. ಉಷಾರಾಣಿಯವರ ಅಪ್ಪಣೆಯಂತೆ ತಿಳಿಸುವುದೇನೆಂದರೆ, ಪ್ರತಿ ಶನಿವಾರ ನಿಮ್ಮ ಮಕ್ಕಳಿಂದ ಪ್ರಯೋಗ ಮಾಡಿಸಲಾಗುವುದು. ಪ್ರಯೋಗಕ್ಕೆ ಮೊದಲು ಗುರಿ ಯಾವುದೆಂದು ಬಾಯಿಬಿಟ್ಟು ಹೇಳಬೇಕು. ಗುರಿಯಿಲ್ಲದೆ ಪ್ರಯೋಗ ಮಾಡತಕ್ಕದ್ದಲ್ಲ. ಹೆಣ್ಣುಮಕ್ಕಳು ತಲೆಗೂದಲು ಬಿಟ್ಟುಕೊಂಡು ಬರಕೂಡದು. ಪ್ರಯೋಗ ನಡೆಯುವಲ್ಲಿ ಯಾರು ಏನು ಕೊಟ್ಟರೂ ಬಾಯಿಗೆ ಹಾಕಕೂಡದು. ಮನೆಯಿಂದ ತರಬೇಕಾದ ಸಾಮಗ್ರಿ: ನಿಂಬೆಹಣ್ಣು, ಅರಿಶಿನ, ಸುಣ್ಣ, ಒಲೆಯ ಬೂದಿ, ಕರ್ಪೂರ, ಕಬ್ಬಿಣದ ಮೊಳೆ, ತಾಮ್ರದ ತಗಡು. ಬಣ್ಣ ಬದಲಾದರೆ, ಹೊಗೆ ಎದ್ದರೆ, ಭಯಪಡಬಾರದು. ನಿರೀಕ್ಷಿಸಿದ ಫಲ ಸಿಗದಿದ್ದರೆ ಸಿಗುವವರೆಗೂ ಪ್ರಯೋಗವನ್ನು ಮತ್ತೆ ಮತ್ತೆ ಮಾಡಲಾಗುವುದು. ಬರುವ ಶನಿವಾರದ ಸಭೆಗೆ ಎಲ್ಲರೂ ತಂತಮ್ಮ ಗುರಿಯೊಂದಿಗೆ ಬರಬೇಕು.”

ಅವನು ಕೊನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಗೋದಾ ಒಳಗೆ ಮಂಗಳಾರತಿಗೆ ಗಂಟೆ ಬಾರಿಸಿದಳು. ಗಂಟೆಗೆ ನಮ್ಮ ಬೀದಿಯ ಕರಿ ನಾಯಿ ಮುಖ ಮೇಲೆತ್ತಿ ಊಳಿಟ್ಟಿತು. ಅದೂ ಅಚ್ಚುಕಟ್ಟಾಗಿ ರೆಕಾರ್ಡ್ ಆಯಿತು.

ನಾನು ಆಶ್ರಿತಾಳ ಲೆಕ್ಕದಲ್ಲಿ ಆ ಗುಂಪಿನಲ್ಲಿದ್ದೆ. ಆದರೆ ಅಂಗಡಿಯ ಮಿಷನ್ ಸದ್ದಿನಲ್ಲಿ ನನಗೆ ಕೇಳಿಸಿದ್ದು ಗಂಟೆ ಮಾತ್ರ. ಯಾರೋ ದೇವರ ವಿಡಿಯೋ ಕಳಿಸಿದ್ದಾರೆಂದು ಕೈ ಮುಗಿದು ಮುಂದಕ್ಕೆ ಸರಿಸಿದೆ.

ನಮ್ಮ ಕಡೆ ಪ್ರಯೋಗ ಎಂದರೆ ಏನೆಂದು ಬೇಲೂರು ಸುತ್ತಮುತ್ತ ಯಾವ ಹಳ್ಳಿಯಲ್ಲಿ ಕೇಳಿದರೂ ಹೇಳುತ್ತಾರೆ; ಜೋರಾಗಿ ಹೇಳುವುದಿಲ್ಲ, ಕಿವಿಯಲ್ಲಿ ಹೇಳುತ್ತಾರೆ. ಮೂರು ದಾರಿ ಕೂಡುವಲ್ಲಿ ಮೊಳೆ ಚುಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಯಾರೋ ಯಾರಿಗೋ ಪ್ರಯೋಗ ಮಾಡಿಸಿದ್ದಾರೆ ಎಂದು ಅರ್ಥ. ಪೌರೋಹಿತ್ಯದ ಮನೆಯಲ್ಲಿ ಹುಟ್ಟಿದ ನಾಣಿಗೆ ಇದು ನೆನಪಾಗಬೇಕಿತ್ತು. ಆದರೆ ಶುದ್ಧ ಕನ್ನಡ ಮಾತಾಡುವಾಗ ಅವನಿಗೆ ಬೇರೆ ಏನೂ ನೆನಪಾಗುವುದಿಲ್ಲ.

ಆ ಮಧ್ಯಾಹ್ನವೇ ಜಾವಗಲ್ ಬಸ್ಸಿನಿಂದ ಇಳಿದು ಒಬ್ಬ ಅಜ್ಜಿ ನಾಣಿಯ ಮನೆ ಮುಂದೆ ನಿಂತಳು. ನಾನು ಎದುರಿಗಿರುವ ನಮ್ಮ ಮನೆಯ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದೆ.

“ನಾಣಿ ಸ್ವಾಮೇರ ಮನೆ ಇದೇಯಾ?”

“ಇದೇ. ಬನ್ನಿ ಅಜ್ಜಿ, ಕೂತ್ಕೊಳ್ಳಿ.”

“ಕೂರಕ್ಕೆ ಬಂದಿಲ್ಲ. ರಂಗಮ್ಮ ಅಂತ, ಶರತನ ಅಜ್ಜಿ ನಾನು. ನಮ್ ಹುಡ್ಗನ್ನ ಆ ಕೆಲ್ಸಕ್ಕೆ ಕಳ್ಸಕ್ಕಿಲ್ಲ. ಹೆಸ್ರು ಹೊಡೆದಾಕ್ಸಿಬುಡಿ.”

ನಾಣಿಗೆ ಅಚ್ಚರಿಯಾಯಿತು. ಪಾಠ ಕಷ್ಟ ಎಂದು ಅಜ್ಜಿ ಹೆದರಿದ್ದಾಳೆ ಎಂದುಕೊಂಡ. “ಯಾಕಜ್ಜಿ? ಶರತ್ ಜಾಣ ಹುಡುಗ. ಅವನ ಕೈಯಲ್ಲಿ ಪ್ರಯೋಗ ಚೆನ್ನಾಗಿ ಆಗುತ್ತೆ, ಕೈಗುಣ ಇದೆ ಅಂತ ಮೇಡಮ್ಮೇ ಹೇಳಿದಾರಂತೆ.”

“ಅಯ್ಯೋ ನನ್ನ ಶಿವನೇ!”

“ಭಯ ಪಡಬೇಡಿ. ಮೊದಮೊದಲು ಸಣ್ಣ ಪ್ರಯೋಗ. ಕಪ್ಪೆ, ಜಿರಳೆ ಕುಯ್ಯೋದೆಲ್ಲ ಇಲ್ಲಿಲ್ಲ, ಅದನ್ನ ಪಕ್ಕದ ಕೋಣೇಲಿ ಮಾಡ್ತಾರೆ.”

ಅಜ್ಜಿ ಒಂದು ಹೆಜ್ಜೆ ಹಿಂದೆ ಇಟ್ಟಳು.

“ನಾನೇ ಓದೋವಾಗ ಒಂದು ಪ್ರಯೋಗ ಮಾಡಿದ್ದೆ” ಎಂದು ನಾಣಿ ಧೈರ್ಯ ತುಂಬತೊಡಗಿದ. “ನಮ್ಮ ಮೇಷ್ಟ್ರ ಹುಬ್ಬೇ ಸುಟ್ಟುಹೋಯ್ತು! ಪಾಪ, ಆಸ್ಪತ್ರೆಗೆ ಹೋದವರು ಹಾಗೇ ವರ್ಗ ಮಾಡಿಸಿಕೊಂಡು ಹೋದ್ರು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ.”

“ಮೇಷ್ಟ್ರಿಗೇ ಮಾಡಿದ್ರಾ?”

“ಮೇಷ್ಟ್ರ ಕಣ್ಣ ಮುಂದೆನೇ ಮಾಡಬೇಕು ಅಜ್ಜಿ. ಅದೇ ನಿಯಮ.”

ರಂಗಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ನಾಣಿಗೆ ಬೆನ್ನು ತೋರಿಸಬಾರದೆಂದು ಹಿಮ್ಮುಖವಾಗಿಯೇ ನಡೆದು ಬೀದಿಯ ತುದಿ ಸೇರಿದಳು. ದಾರಿಯಲ್ಲಿ ಒಂದು ಸ್ಕೂಟರಿಗೂ ಒಂದು ಹಸುವಿಗೂ ಡಿಕ್ಕಿ ಹೊಡೆದಳು. “ಎಂಥ ಮರ್ಯಾದೆಯ ಹೆಂಗಸು ನೋಡಯ್ಯ” ಎಂದು ನಾಣಿ ನನಗೆ ಹೇಳಿದ.

ಸಂಜೆ ಹಗರೆಯಿಂದ ತಿಮ್ಮಯ್ಯ ಬಂದ. ಹೇಮಾಶ್ರೀ ಎಂಬ ಹುಡುಗಿಯ ತಂದೆ, ರಾಗಿ ಹೊಲ ಇದೆ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. ಬರುವಾಗ ಒಂದು ಗೊನೆ ಎಳನೀರು ತಂದು ಜಗಲಿಯ ಮೇಲಿಟ್ಟು, ಆಚೆ ಈಚೆ ನೋಡಿ, ಟವಲು ಬಾಯಿಗೆ ಅಡ್ಡ ಹಿಡಿದ.

“ಗುರಿ ಹೇಳ್ಬೇಕು ಅಂದ್ರಲ್ಲ ಸ್ವಾಮಿ, ಗುಟ್ಟಾಗಿ ಹೇಳ್ಬೋದಾ? ಇಲ್ಲ ಎಲ್ರ ಮುಂದ್ಲೂ ಹೇಳ್ಬೇಕಾ?”

“ಎಲ್ಲರ ಮುಂದೆ ಎದೆ ತಟ್ಟಿ ಹೇಳಬೇಕು ತಿಮ್ಮಯ್ಯನೋರೆ. ಗುರಿ ಮುಚ್ಚಿಡೋ ವಿಷಯಾನಾ?”

“ಅಂಗಲ್ಲ. ಗುರಿ ನಮ್ ಪಕ್ಕದ ಹೊಲದಾಗೇ ಐತೆ.”

“ಛೆ ಛೆ! ಪಕ್ಕದ ಹೊಲ ಅಂದ್ರೆ ತೀರಾ ಹತ್ತಿರವಾಯ್ತು” ಎಂದ ನಾಣಿ ಬೇಸರದಿಂದ. “ಗುರಿ ಎಷ್ಟು ದೂರವೋ ಅಷ್ಟು ಒಳ್ಳೇದು.”

“ಅದೇ ನಾನೂ ಬೇಡ್ಕಳೋದು ಸ್ವಾಮಿ!” ತಿಮ್ಮಯ್ಯನ ಕಣ್ಣಲ್ಲಿ ನೀರೇ ಬಂತು. “ಎಷ್ಟು ದೂರ ಹೋದ್ರೆ ಅಷ್ಟು ಒಳ್ಳೇದು! ಬದು ಒತ್ತಿ ಒತ್ತಿ ನಮ್ ಸಾಲಿಗೇ ಬಂದವ್ನೆ. ಜೀವಕ್ಕೇನೂ ಆಗೋದು ಬ್ಯಾಡ. ಅರಸೀಕೆರೆ ದಾಟಿದ್ರೆ ಸಾಕು.”

“ಅರಸೀಕೆರೆ ಏನು, ದೆಹಲಿ ದಾಟಲಿ ಅನ್ನಿ! ಪ್ರಯೋಗ ಗಟ್ಟಿಯಾಗಿದ್ದರೆ ಆಗದ್ದು ಯಾವುದಿದೆ?”

ತಿಮ್ಮಯ್ಯ ನಾಣಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ವಿದ್ಯೆಯ ಬಗ್ಗೆ ರೈತಾಪಿ ಜನಕ್ಕೆ ಇಷ್ಟು ಭಕ್ತಿ ಇರುವುದು ಕಂಡು ನಾಣಿಗೆ ಗಂಟಲು ಕಟ್ಟಿತು. ಕಟ್ಟಿದ್ದು ಸ್ವಲ್ಪ ಹೊತ್ತು ಮಾತ್ರ, ಅದೇ ನಮ್ಮ ದುರದೃಷ್ಟ.

ಆ ವಾರ ನಾಣಿಯ ಯೋಗವೇ ಬದಲಾಯಿತು. ಆಫೀಸಿನಲ್ಲಿ ಅವನನ್ನು ಕಂಡರಾಗದ ಸೆಕ್ರೆಟರಿ ತಾವಾಗಿ ಎದ್ದು ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟು, “ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ ನಾಣಿಯವರೇ” ಎಂದರು. ಬಸ್ಸಿನಲ್ಲಿ ಇವನು ಕೂತ ಸೀಟಿನ ಪಕ್ಕ ಯಾರೂ ಕೂರಲಿಲ್ಲ, ನಿಂತೇ ಬಂದರು. ಬಸಮ್ಮ ಎಂಬ ಹೂವಿನವಳ ಮಗನೂ ಆ ಕ್ಲಾಸಿನವನೇ. ಅವಳು ಒಂದು ಮಾರು ಮಲ್ಲಿಗೆ ಪುಕ್ಕಟೆ ಕೊಟ್ಟು, “ಶನಿವಾರ ನಾನೂ ಬತ್ತೀನಿ ಸ್ವಾಮಿ, ನಂಗೂ ಒಂದು ಗುರಿ ಐತೆ” ಎಂದು ಕಣ್ಣು ಮಿಟುಕಿಸಿದಳು. ಮಗಳು ಅಡ್ವಾನ್ಸ್ಡ್ ಕ್ಲಾಸಿಗೆ ಸೇರಿದರೆ ತಂದೆಗೆ ಇಷ್ಟು ಗೌರವವೇ ಎಂದು ನಾಣಿ ಊರೆಲ್ಲ ಹೇಳಿಕೊಂಡು ತಿರುಗಿದ.

ಅತ್ತ ಕಾಲೇಜಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕ್ಲಾಸು ಬಿಟ್ಟರು. ಯಾಕೆ ಎಂದು ಮೇಡಂ ಕೇಳಿದರೆ ಶರತ್, “ನಮ್ಮಜ್ಜಿ ಬೇಡ ಅಂದ್ಲು ಮಿಸ್” ಎಂದು ನೆಲ ನೋಡಿದ. ಇನ್ನೊಬ್ಬನ ತೋಳಿಗೆ ಹೊಸ ತಾಯತ ಬಂದಿತ್ತು. ಗುರುವಾರಕ್ಕೆ ಉಳಿದವರು ನಾಲ್ಕೇ ಜನ. ನಂದಕಿಶೋರ್ ಬೆರಳು ಮಡಚಿ ಎಣಿಸಿ, “ಶನಿವಾರದ ಸಭೆಯಲ್ಲಿ ಹತ್ತು ಆಗದಿದ್ರೆ ಈ ಕ್ಲಾಸು ಇಲ್ಲ ಮೇಡಂ” ಎಂದರು.

ಮೇಧಿನಿ ಮನೆಗೆ ಬಂದು ಚೀಲವನ್ನು ಮೂಲೆಗೆ ಎಸೆದು ಅತ್ತಳು. ಸಣ್ಣಪುಟ್ಟದಕ್ಕೆ ಅಳುವ ಹುಡುಗಿಯಲ್ಲ ಅವಳು. ನಮ್ಮ ಮನೆಗೂ ಕೇಳಿಸಿತು.

“ಅಪ್ಪಾ, ನೀನು ಅವರಿಗೆಲ್ಲ ಏನು ಹೇಳಿದೆ?”

“ಮೇಡಂ ಬರೆದಿದ್ದನ್ನೇ ಹೇಳಿದೆ ಪುಟ್ಟಾ. ಒಂದು ಅಕ್ಷರ ಹೆಚ್ಚಿಲ್ಲ.”

“ಕಡಿಮೆ?”

ನಾಣಿ ಉತ್ತರೀಯ ಸರಿಮಾಡಿಕೊಂಡ. ಒಂದು ಪದ ಕಡಿಮೆ ಇದೆ ಎಂಬುದು ಅವನಿಗೆ ಗೊತ್ತಿತ್ತು. ಅದು ಜನರ ಒಳಿತಿಗೇ ಎಂಬುದೂ ಗೊತ್ತಿತ್ತು.

“ಶನಿವಾರ ನೀನು ಬಾಯಿ ಬಿಡಬಾರದು” ಎಂದಳು ಮೇಧಿನಿ. ನಾಣಿ ಒಪ್ಪಿದ. ಮಗಳ ಕಣ್ಣೀರು ಒಂದಕ್ಕೆ ಮಾತ್ರ ಅವನು ಹೆದರುವುದು.

ಶನಿವಾರದ ಸಭೆಗೆ ಕಾಲೇಜಿನ ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಲಾಸು ಬಿಟ್ಟವರ ಮನೆಯವರೂ ಬಂದಿದ್ದರು, ಕ್ಲಾಸಿಗೆ ಸಂಬಂಧವೇ ಇಲ್ಲದವರೂ ಬಂದಿದ್ದರು. ರಂಗಮ್ಮ ಬಾಗಿಲ ಪಕ್ಕದಲ್ಲೇ ಶರತನ ತೋಳು ಹಿಡಿದು ನಿಂತಿದ್ದಳು, ಟಿಸಿ ಕೇಳಿಕೊಂಡು ಹೋಗಲು. ಕಪಾಟಿನಲ್ಲಿ ಸಾಲಾಗಿಟ್ಟ ಬಣ್ಣಬಣ್ಣದ ಬಾಟಲಿಗಳನ್ನೂ ಗೋಡೆಗೆ ತೂಗುಹಾಕಿದ್ದ ಅಸ್ಥಿಪಂಜರದ ಚಿತ್ರವನ್ನೂ ನೋಡಿ ಜನ ಪಿಸುಗುಟ್ಟುತ್ತಿದ್ದರು. ಉಷಾರಾಣಿ ಮೇಡಂಗೆ ಇಷ್ಟು ಪೋಷಕರನ್ನು ಕಂಡು ಸಂತೋಷವಾಯಿತು. ಅರಸೀಕೆರೆ ಬಸ್ಸು ಇಳಿದು ನೇರ ಬಂದವರು, ಉಗುಳು ನುಂಗಲೂ ಬಿಡುವಿಲ್ಲದಂತೆ ಮಾತಾಡುವವರು.

“ನಿಮ್ಮ ಆಸಕ್ತಿ ನೋಡಿ ಖುಷಿಯಾಯ್ತು. ಮಕ್ಕಳ ಗುರಿ ಆಮೇಲೆ ಕೇಳೋಣ. ಮೊದಲು ತಂದೆತಾಯಂದಿರು ಹೇಳಿ, ನಿಮ್ಮ ಗುರಿ ಏನು?”

ತಿಮ್ಮಯ್ಯ ಎದ್ದು ನಿಂತು, ನಾಣಿ ಹೇಳಿಕೊಟ್ಟಂತೆ ಎದೆ ತಟ್ಟಿದ. “ನನ್ ಗುರಿ ಏಕಾಂತಯ್ಯ!”

“ಯಾರವರು?”

“ನಮ್ ಪಕ್ಕದ ಹೊಲದೋನು.”

“ಓ! ನೆರೆಯವರ ಮೇಲೆ ಎಷ್ಟು ಅಭಿಮಾನ!” ಎಂದರು ಮೇಡಂ. “ಅಂದ್ರೆ, ಹೇಮಾಶ್ರೀನೂ ಅವರ ಹಾಗೇ ಆಗಲಿ ಅಂತಾನಾ?”

“ಅವ್ಳು ಯಾಕೆ ಅವನಂಗೆ ಆಗ್ಲಿ ಮೇಡಮ್ಮೋರೆ? ಅವನಿಗೆ ಏನಾರ ಆಗ್ಲಿ ಅಂತ!”

ಮೇಡಂ ಇನ್ನೂ ಅರ್ಥ ಮಾಡಿಕೊಳ್ಳುತ್ತಿರುವಾಗಲೇ ಬಸಮ್ಮ ಎದ್ದಳು. “ನನ್ ಗುರಿ ನಮ್ಮತ್ತೆ. ಜಾಸ್ತಿ ಏನೂ ಬ್ಯಾಡಿ ತಾಯಿ, ಮಾತೊಂದು ನಿಂತ್ರೆ ಸಾಕು. ಊಟ ಗೀಟ ಮಾಡ್ಕಂಡು ಇರ್ಲಿ.” ಹಿಂದಿನಿಂದ ಯಾರೋ ತಮ್ಮ ಷಡ್ಡಕನ ಹೆಸರು ಕೂಗಿದರು. ಇನ್ಯಾರೋ, “ಗುರಿ ಎರಡಿದ್ರೆ ನಡೀತದಾ?” ಎಂದರು. ಪ್ರಿನ್ಸಿಪಾಲ್ ನಂದಕಿಶೋರ್ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕಲು ಬಗ್ಗಿದವರು ಮೇಲೆ ಬರಲೇ ಇಲ್ಲ.

ನಾಣಿ ನನ್ನ ಪಕ್ಕ ಕೂತಿದ್ದ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. “ಪ್ರಯೋಗ...” ಎಂದ ಮೆಲ್ಲಗೆ. ಆರು ದಿನದ ಮೇಲೆ ಆ ಪದ ಅವನ ಗಂಟಲಿನಿಂದ ತಲೆಗೆ ಹತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಗುಡುಗು ಬಂತು. ಸಾಕ್ಷಾತ್ ಏಕಾಂತಯ್ಯ! ಹಗರೆ ಡೈರಿಯಲ್ಲಿ ಸುದ್ದಿ ಕೇಳಿ ಸರ್ವಸನ್ನದ್ಧನಾಗಿ ಬಂದಿದ್ದ. ಹಣೆಯ ತುಂಬ ವಿಭೂತಿ, ಎರಡು ತೋಳಿಗೂ ತಾಯತ, ರಕ್ಷಣೆಗೆಂದು ಎರಡು ಕೈಯಲ್ಲೂ ಒಂದೊಂದು ನಿಂಬೆಹಣ್ಣು. ಹಿಂದೆ ಅವನ ಮಗ ಸುನಿಲ್, ಅದೇ ಕಾಲೇಜಿನ ಹುಡುಗ, ಭೂಮಿ ಬಾಯಿ ಬಿಡಬಾರದೆ ಎಂಬಂತೆ ನಿಂತಿದ್ದ.

“ಯಾವನ್ಲಾ ನನ್ ಮ್ಯಾಲೆ ಪ್ರಯೋಗ ಮಾಡ್ಸೋನು?”

ಉಷಾರಾಣಿ ಮೇಡಂ ನಿಂಬೆಹಣ್ಣುಗಳನ್ನು ನೋಡಿದರು. ಅವರು ಹೇಳಿದ ಸಾಮಾನನ್ನು ಅಷ್ಟು ಜನದಲ್ಲಿ ಒಬ್ಬರೂ ತಂದಿರಲಿಲ್ಲ. “ಸದ್ಯ, ನೀವಾದ್ರೂ ತಂದ್ರಲ್ಲ! ಕೊಡಿ ಕೊಡಿ” ಎಂದು, ಏಕಾಂತಯ್ಯನ ಬಲಗೈಯ ರಕ್ಷಣೆಯನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟರು. ಮಾತಿಗಿಂತ ಮಾಡಿ ತೋರಿಸುವುದು ಲೇಸೆಂದು ಗಾಜಿನ ಲ್ಯಾಬ್ ಲೋಟದಲ್ಲಿ ನೀರು ಹಾಕಿ, ತಾವೇ ತಂದಿದ್ದ ಅರಿಶಿನ ಕದಡಿ, ಒಂದು ಚಿಟಿಕೆ ಸುಣ್ಣ ಬಿಟ್ಟರು. ನೀರು ಕೆಂಪಗಾಯಿತು.

“ರಕ್ತ!” ಎಂದು ಏಕಾಂತಯ್ಯ ಗೋಡೆಗೆ ಒರಗಿದ. ಒರಗಿದ್ದು ಅಸ್ಥಿಪಂಜರಕ್ಕೆ. ಅದನ್ನು ನೋಡಿ ಇನ್ನೊಮ್ಮೆ ಕಿರುಚಿದ.

ಆಗ ಬಾಗಿಲ ಬಳಿಯಿಂದ ರಂಗಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದು ಲೋಟವನ್ನು ಇಣುಕಿ ನೋಡಿದಳು. “ಯಾವ್ ರಕ್ತ? ಇದು ಆರತಿ ನೀರಲ್ವಾ! ಮದ್ವೆ ಹೆಣ್ಣುಗಂಡಿಗೆ ನಾವು ಎತ್ತಕ್ಕಿಲ್ವಾ? ಇದ್ಯಾವ ಪ್ರಯೋಗ ತಾಯಿ?”

“ಇದೇ ಪ್ರಯೋಗ ಅಜ್ಜಿ! ಪ್ರಯೋಗ ಅಂದ್ರೆ ಎಕ್ಸ್‌ಪೆರಿಮೆಂಟ್! ಇದು ಕೆಮಿಸ್ಟ್ರಿ ಕ್ಲಾಸು!”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ರಂಗಮ್ಮ ನಾಣಿಯ ಕಡೆ ತಿರುಗಿ ಸೊಂಟಕ್ಕೆ ಕೈ ಕೊಟ್ಟಳು.

“ಎಕ್ಸ್‌ಪರ್ಮೆಂಟು ಅಂತ ಅಚ್ಚ ಕನ್ನಡದಾಗೆ ಹೇಳ್ಬಾರ್ದಾಗಿತ್ತಾ ಸ್ವಾಮಿ? ಯಾವ್ದೋ ಭಾಷೇಲಿ ಪ್ರಯೋಗ ಗೀಯೋಗ ಅಂದ್ರೆ ಹಳ್ಳಿ ಜನಕ್ಕೆ ಎಂಗೆ ತಿಳೀಬೇಕು?”

ನಾಣಿಗೆ ಜೀವಮಾನದಲ್ಲಿ ಇಂಥ ಏಟು ಬಿದ್ದಿರಲಿಲ್ಲ. ಬಾಯಿ ತೆರೆದ, ಮಗಳನ್ನು ನೋಡಿ ಮುಚ್ಚಿದ. ಮೇಧಿನಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

ಮೇಡಂ ಪೂರ್ತಿ ಉತ್ಸಾಹದಲ್ಲಿದ್ದರು. “ಈಗ ನೋಡಿ” ಎಂದು ಏಕಾಂತಯ್ಯನ ನಿಂಬೆಹಣ್ಣನ್ನು ಕೊಯ್ದು ಲೋಟಕ್ಕೆ ಹಿಂಡಿದರು. ಕೆಂಪು ಮಾಯವಾಗಿ ನೀರು ಮತ್ತೆ ಹಳದಿಯಾಯಿತು. ಜನ ಓ ಎಂದರು. ರಂಗಮ್ಮ, “ಇದು ನಂಗೆ ಗೊತ್ತಿರ್ಲಿಲ್ಲ ಕಣವ್ವ” ಎಂದು ಮೂಗಿನ ಮೇಲೆ ಬೆರಳಿಟ್ಟಳು. ಶರತನ ತೋಳು ಬಿಟ್ಟು, “ಕಲ್ತ್ಕೋ ಹೋಗ್ಲಾ” ಎಂದು ಮುಂದಕ್ಕೆ ದೂಡಿದಳು. ಅವಳನ್ನು ನೋಡಿ ಇನ್ನು ನಾಲ್ಕು ಮನೆಯವರು ತಮ್ಮ ಮಕ್ಕಳನ್ನು ದೂಡಿದರು. ನಂದಕಿಶೋರ್ ಮೇಜಿನ ಕೆಳಗಿನಿಂದ ತಲೆಯನ್ನಷ್ಟೇ ಹೊರಗೆ ಹಾಕಿ ಎಣಿಸಿ, “ಒಂಬತ್ತು” ಎಂದರು.

ಒಂಬತ್ತಾದರೂ ಬೇಡ ಎಂದಿದ್ದ ಮನುಷ್ಯ. ಮೇಧಿನಿ ಕಣ್ಣು ಮುಚ್ಚಿಕೊಂಡಳು. ಮೇಡಂ ಸುತ್ತ ನೋಡಿದರು, ಯಾರೂ ಅಲುಗಲಿಲ್ಲ. ಇನ್ನೊಬ್ಬ, ಒಬ್ಬೇ ಒಬ್ಬ, ಎಂದು ನಾನೂ ಮನಸ್ಸಿನಲ್ಲೇ ಹರಕೆ ಹೊತ್ತೆ.

ಗೋಡೆಗೆ ಒರಗಿದ್ದ ಏಕಾಂತಯ್ಯ ಇನ್ನೂ ಲೋಟವನ್ನೇ ನೋಡುತ್ತಿದ್ದ. ಅವನಿಗೆ ಎಕ್ಸ್‌ಪೆರಿಮೆಂಟ್ ಅರ್ಥವಾಗಿರಲಿಲ್ಲ. ಅವನಿಗೆ ಕಂಡದ್ದು ಬೇರೆ. “ಅಲ್ಲ ಮೇಡಮ್ಮೋರೆ, ಕೆಂಪು ಮಾಡಿದ್ದೂ ನೀವೇ, ತೆಗೆದದ್ದೂ ನೀವೇ. ಅಂದ್ರೆ ಇಲ್ಲಿ ಮಾಡೋದೂ ಕಲಿಸ್ತೀರ, ಮಾಡಿದ್ದನ್ನ ತೆಗೆಯೋದೂ ಕಲಿಸ್ತೀರ?”

“ಖಂಡಿತ” ಎಂದರು ಮೇಡಂ.

“ಹಂಗಾದ್ರೆ ನಮ್ ಸುನಿಲನ್ನ ಸೇರಿಸ್ಕಳಿ. ತಿಮ್ಮಯ್ಯನ ಮಗಳು ಮಾಡೋದು ಕಲೀಲಿ, ನನ್ ಮಗ ತೆಗೆಯೋದು ಕಲೀತಾನೆ. ನೋಡೇಬುಡಾಣ!”

“ಹತ್ತು!” ಎಂದು ಕೂಗಿ ನಂದಕಿಶೋರ್ ಎದ್ದರು. ಏಳುವಾಗ ಮೇಜಿಗೆ ತಲೆ ಬಡಿಯಿತು, ಆದರೂ ಹತ್ತನ್ನು ಬಿಡಲಿಲ್ಲ. ಸುನಿಲನ ಮುಖ ಅರಳಿತು. ಸೇರಬೇಕೆಂಬ ಆಸೆ ಅವನಿಗೂ ಮೊದಲಿನಿಂದಲೇ ಇತ್ತಂತೆ. ಮೇಧಿನಿ ಆಶ್ರಿತಾಳನ್ನು ತಬ್ಬಿಕೊಂಡು ಕುಣಿದಳು.

ಕೊನೆಗೆ ಮೇಡಂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವರವರ ಗುರಿ ಕೇಳಿದರು. ಶರತ್ ಗೊಬ್ಬರದ ಬಗ್ಗೆ ಕಲಿಯುತ್ತೇನೆ ಎಂದ, ಹೇಮಾಶ್ರೀ ಔಷಧಿ ಕಂಡುಹಿಡಿಯುತ್ತೇನೆ ಎಂದಳು. ಮೇಧಿನಿಯ ಸರದಿ ಬಂತು.

“ನನ್ನ ಗುರಿ ನಮ್ಮಪ್ಪ, ಮೇಡಂ.”

“ಅಯ್ಯೋ, ಹೆತ್ತ ಅಪ್ಪನ್ನೇ?” ಎಂದಳು ಬಸಮ್ಮ. ನಾಣಿ ಕುರ್ಚಿಯ ಅಂಚಿಗೆ ಸರಿದ. ಈ ವಾರದ ಮಟ್ಟಿಗೆ ಗುರಿ ಎಂಬ ಪದದ ಮೇಲೆ ಅವನಿಗೂ ನಂಬಿಕೆ ಉಳಿದಿರಲಿಲ್ಲ.

“ಈ ವರ್ಷ ಮುಗಿಯೋದ್ರೊಳಗೆ ಒಂದು ಪಾಠವನ್ನಾದ್ರೂ ನಮ್ಮಪ್ಪನಿಗೆ ಅರ್ಥವಾಗೋ ಹಾಗೆ ಹೇಳಬೇಕು. ಅವರಿಗೆ ಅರ್ಥವಾದ್ರೆ ಊರಿಗೆಲ್ಲ ಅರ್ಥವಾದ ಹಾಗೆ.”

ಜನ ನಕ್ಕರು. ನಾಣಿ ನಗಲಿಲ್ಲ. ಉತ್ತರೀಯದ ತುದಿಯಿಂದ ಕಣ್ಣೊರೆಸಿಕೊಂಡು, “ಎಷ್ಟು ಅಚ್ಚುಕಟ್ಟಾದ ವಾಕ್ಯ ನೋಡಯ್ಯ” ಎಂದ. ಅವನ ಸ್ವಭಾವದಲ್ಲಿ ಅದೇ ದೊಡ್ಡ ಪ್ರೀತಿ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಣಿಗೆ ಕೃತಜ್ಞತೆ ಹುಟ್ಟಿತು. ಮಗಳ ಕ್ಲಾಸು ಉಳಿಯಿತು, ತನ್ನಿಂದಾದ ತಪ್ಪನ್ನು ತಾನೇ ತಿದ್ದಬೇಕು ಎಂದು ಅನ್ನಿಸಿತು. ಎಲ್ಲಿ ತಪ್ಪಾಯಿತು ಎಂದು ಕೂತು ಯೋಚಿಸಿದ. ಒಂದು ಪದವನ್ನು ಬಿಟ್ಟಿದ್ದೇ ತಪ್ಪು ಎಂದು ಹೊಳೆಯಿತು. ಮುಂದಿನ ಶುಕ್ರವಾರ ಯಾರನ್ನೂ ಕೇಳದೆ ಗುಂಪಿಗೆ ಇನ್ನೊಂದು ಧ್ವನಿ ಸಂದೇಶ ಕಳಿಸಿದ. ಈ ಸಲ ನಾಯಿಯೂ ಇರಲಿಲ್ಲ, ಗಂಟೆಯೂ ಇರಲಿಲ್ಲ.

“ಪೋಷಕ ಮಹಾಶಯರೇ. ಇನ್ನು ಮುಂದೆ ಪ್ರಯೋಗದ ಭಯ ಬೇಡ. ನಾಳೆ ಶನಿವಾರ ಮಧ್ಯಾಹ್ನ ಮಕ್ಕಳೆಲ್ಲರಿಗೂ ರಸಾಯನ ಇರುತ್ತದೆ. ಉಷಾರಾಣಿಯವರು ಕೈಯಾರೆ ಮಾಡಿ ತೋರಿಸುತ್ತಾರೆ. ಪೋಷಕರಿಗೂ ಸ್ವಾಗತ. ಅಗತ್ಯ ವಸ್ತುಗಳನ್ನು ನೀವೇ ತಂದರೆ ಅನುಕೂಲ.”

ಶನಿವಾರ ಆಶ್ರಿತಾಳನ್ನು ಬಿಡಲು ನಾನೇ ಹೋಗಿದ್ದೆ. ಲ್ಯಾಬಿನ ಮೇಜಿನ ಮೇಲೆ ತಿಮ್ಮಯ್ಯ ಏಲಕ್ಕಿ ಬಾಳೆಯ ಒಂದು ಗೊನೆ ಇಳಿಸುತ್ತಿದ್ದ. ಅವನಿಗೆ ಸೋಲಬಾರದೆಂದು ಏಕಾಂತಯ್ಯ ಎರಡು ಗೊನೆಯನ್ನೂ ಒಂದು ಪಿಂಡಿ ಬೆಲ್ಲವನ್ನೂ ಹೊತ್ತು ಬಂದಿದ್ದ. ಬಸಮ್ಮ ಅತ್ತೆಯನ್ನೂ ಕರೆತಂದಿದ್ದಳು. ಬಾಯಿ ತುಂಬ ಬಾಳೆಹಣ್ಣಿದ್ದುದರಿಂದ ಅತ್ತೆ ಸುಮ್ಮನಿದ್ದಳು. ರಂಗಮ್ಮ ಈಳಿಗೆಮಣೆ ಹಾಕಿಕೊಂಡು ಕಾಯಿ ತುರಿಯುತ್ತ, “ಕೆಮಿಷ್ಟ್ರಿ ಅಂದ್ರೆ ಇಷ್ಟೇಯಾ? ಅಡಿಗೇನೇ!” ಎನ್ನುತ್ತಿದ್ದಳು. ನಂದಕಿಶೋರ್ ಸ್ಟೀಲಿನ ಬಟ್ಟಲು ಹಿಡಿದು ಸಾಲಿನಲ್ಲಿ ಮೊದಲು ನಿಂತಿದ್ದರು. ನಾಣಿ ಬಾಗಿಲಲ್ಲಿ ಕಂಬದಂತೆ ನಿಂತು ಎಲ್ಲವನ್ನೂ ನೋಡುತ್ತಿದ್ದ.

ಉಷಾರಾಣಿ ಮೇಡಂ ನಗಬೇಕೋ ಅಳಬೇಕೋ ತಿಳಿಯದೆ ಮೇಧಿನಿಯನ್ನು ಪಕ್ಕಕ್ಕೆ ಕರೆದರು.

“ಏನಮ್ಮ, ನಿನ್ನ ಗುರಿ ಎಲ್ಲಿಗೆ ಬಂತು?”

ಮೇಧಿನಿ ಬಾಳೆಹಣ್ಣು ಹೆಚ್ಚುವುದನ್ನು ನಿಲ್ಲಿಸಿ ಬಾಗಿಲಲ್ಲಿದ್ದ ಅಪ್ಪನನ್ನು ನೋಡಿ ನಕ್ಕಳು.

“ಇನ್ನೂ ತುಂಬಾ ದೂರ ಇದೆ ಮೇಡಂ.”